ಪ್ಲಾಂಟರ್‌ನಲ್ಲಿ ಬೀಜದ ಅಂತರ ಸರಿ ಬರ್ತಿಲ್ವಾ? ಸ್ಪ್ಯಾನರ್ ಹಿಡಿಯೋಕೆ ಮುಂಚೆ ಸಾಲು ಕೆದಕಿ ನೋಡಿ

ಮೊಳಕೆ ಬಂದ್ಮೇಲೆ ಸಾಲಿನ ತುದೀಲಿ ನಿಂತು ನೋಡಿದಾಗ ಒಂದ್ಕಡೆ ಎರಡು ಗಿಡ ಅಂಟ್ಕೊಂಡು ನಿಂತಿರತ್ತೆ, ಅದರ ಮುಂದೆ ಒಂದೂವರೆ ಅಡಿ ಖಾಲಿ, ಆಮೇಲೆ ನಾಲ್ಕು ಗಿಡ ಚೆನ್ನಾಗಿ, ಮತ್ತೆ ಖಾಲಿ. ಆಗ ಎಲ್ರೂ ಮಾಡೋ ಕೆಲಸ ಒಂದೇ, ಬೀಜಕ್ಕೆ ಬೈಯೋದು, ಆಮೇಲೆ ಮಿಷಿನ್ನಿಗೆ ಬೈಯೋದು, ಆಮೇಲೆ ಹೋಗಿ ಕೈಗೆ ಸಿಕ್ಕಿದ ನಟ್ ತಿರುಗಿಸೋದು. ನಾನೂ ಹಾಗೇ ಮಾಡ್ತಿದ್ದೆ. ವ್ಯಾಕ್ಯೂಮ್ (ಬೀಜನ ಡಿಸ್ಕಿನ ತೂತಿಗೆ ಅಂಟಿಸೋ ಗಾಳಿ ಎಳೆತ) ಜಾಸ್ತಿ ಮಾಡಿ, ಸಾಲ್ದು ಅಂತ ಸ್ಪ್ರಾಕೆಟ್ (ಚೈನ್ ಓಡೋ ಹಲ್ಲಿನ ಚಕ್ರ) ಬದಲಾಯ್ಸಿ, ಕೊನೆಗೆ ನೋಡಿದ್ರೆ ಬೀಜದ ಕೊಳವೆಯ ತುದಿ ಸವೆದು ಕೂದಲಿನ ಥರ ಎಳೆ ಎದ್ದಿತ್ತು, ಅಷ್ಟೇ ತೊಂದ್ರೆ ಇದ್ದಿದ್ದು. ಬೀಜ ಎಣಿಸಿ ಬಿಡೋ ಮೀಟರ್ ಪಾಪ ಸರಿಯಾಗೇ ಇತ್ತು, ನಾನೇ ಅದನ್ನ ಕೆಡಿಸಿಟ್ಟೆ.

ಅದಕ್ಕೇ ಮೊದ್ಲು ಒಂದು ವಿಷ್ಯ ತಲೇಲಿ ಇಟ್ಕೊಳ್ಳಿ. ಅಂತರ ಕೆಡೋದು ಎರಡೇ ಥರ. ಒಂದು, ಬೀಜ ಎಣಿಸಿ ಕೊಡೋ ಜಾಗದಲ್ಲೇ ತಪ್ಪಾಗೋದು, ಅಂದ್ರೆ ಮೀಟರ್ ಒಂದರ ಬದಲು ಎರಡು ಕೊಟ್ಟಿದೆ ಇಲ್ಲಾ ಕೊಡ್ದೇನೇ ಬಿಟ್ಟಿದೆ. ಇನ್ನೊಂದು, ಮೀಟರ್ ಸರಿಯಾಗೇ ಎಣಿಸಿ ಬಿಟ್ಟಿದೆ, ಆದ್ರೆ ಅಲ್ಲಿಂದ ಮಣ್ಣಿಗೆ ಬೀಳೋ ದಾರೀಲಿ ಬೀಜ ಕುಣಿದು ಜಾಗ ತಪ್ಪಿದೆ. ಎರಡಕ್ಕೂ ರಿಪೇರಿ ಬೇರೆ ಬೇರೆ. ಯಾವುದು ಅಂತ ಹೇಳೋದು ಮಣ್ಣು, ಮಿಷಿನ್ ಅಲ್ಲ.

ಸಾಲು ಓದೋದು ಹೇಗೆ

ಟೇಪ್, ಒಂದು ಚಿಕ್ಕ ಚಾಕು, ನೋಟ್‌ಬುಕ್ ಸಾಕು. ಸಾಲಿನ ಪಕ್ಕ ಟೇಪ್ ಹಾಸಿ ಪ್ರತಿ ಗಿಡ ಎಷ್ಟು ಸೆಂಟಿಮೀಟರ್ ಹತ್ರ ಇದೆ ಅಂತ ಬರ್ಕೊಳ್ಳಿ, ಒಂದು ಸಾಲಿಗೆ ಕಡಿಮೆ ಅಂದ್ರೂ 50 ಅಂತರದ ಅಳತೆ ಬೇಕು. ಪ್ಲಾಂಟರ್‌ನ ಎಲ್ಲಾ ಸಾಲಿಗೂ ಬೇರೆ ಬೇರೆ ಬರೀರಿ, ಎಲ್ಲಾ ಸೇರಿಸಿ ಸರಾಸರಿ ತೆಗೆದ್ರೆ ಏನೂ ಗೊತ್ತಾಗಲ್ಲ.

ಖಾಲಿ ಜಾಗ ಸಿಕ್ಕ ಕಡೆಯೆಲ್ಲಾ ಕೆದಕ್ಲೇಬೇಕು, ಇದನ್ನ ಬಿಟ್ಟರೆ ಉಳಿದಿದ್ದೆಲ್ಲಾ ದಂಡ. ಯಾಕಂದ್ರೆ ಅಲ್ಲಿ ಬೀಜ ಇದ್ದು ಕೊಳೆತಿದ್ರೆ, ಒಣ ಮಣ್ಣಲ್ಲಿ ಹಾಗೇ ಕೂತಿದ್ರೆ, ಮೇಲ್ಮಣ್ಣು ಗಟ್ಟಿಯಾಗಿ ಮೊಳಕೆ ಮಡಚ್ಕೊಂಡಿದ್ರೆ ಅದು ಅಂತರದ ತೊಂದ್ರೆನೇ ಅಲ್ಲ, ಆಳದ್ದೋ ಮಣ್ಣು ಮುಚ್ಚೋ ಚಕ್ರದ್ದೋ ಬೀಜದ್ದೋ ತೊಂದ್ರೆ. ಬೀಜವೇ ಇಲ್ದಿದ್ರೆ ಮಾತ್ರ ಅದು ಸ್ಕಿಪ್.

ಈಗ ನಂಬರ್ ನೋಡಿ. ನಮ್ಮ ಗುರಿ 20 ಸೆಂ.ಮೀ. ಅಂತ ಇಟ್ಕೊಳ್ಳೋಣ.

8 ಬಂದು ಅದರ ಪಕ್ಕ 32 ಬಂದಿದೆ ಅಂದ್ರೆ ಕೂಡಿದ್ರೆ 40, ಅಂದ್ರೆ ಲೆಕ್ಕ ಸರಿ ಇದೆ, ಬೀಜ ಎಷ್ಟು ಬೀಳ್ಬೇಕೋ ಅಷ್ಟೇ ಬಿದ್ದಿದೆ, ನಡುವಿನ ಬೀಜ ಮಾತ್ರ ಜಾಗ ತಪ್ಪಿದೆ. ಇದು ಕೊಳವೆ, ಸ್ಪೀಡು, ಕುಣಿತದ ತೊಂದ್ರೆ, ಮೀಟರ್ ಮುಟ್ಬೇಡಿ.

2 ಬಂದು ಅದರ ಹಿಂದೆ ಮುಂದೆ ಎರಡೂ ಕಡೆ 20ರ ಹತ್ರನೇ ಇದೆ ಅಂದ್ರೆ ಒಂದು ಬೀಜ ಜಾಸ್ತಿ ಬಂದಿದೆ, ಇದು ಮೀಟರಿನ ಡಬಲ್. ಸರಿಯಾಗಿ 40 ಇದೆ, ಕೆದಕಿದ್ರೂ ಬೀಜ ಇಲ್ಲ, ಅಕ್ಕಪಕ್ಕ ಎಲ್ಲಾ 20 ಅಂದ್ರೆ ಮೀಟರಿನ ಸ್ಕಿಪ್. ಎಲ್ಲಾನೂ ಒಂದೇ ಸಮ ಆದ್ರೆ 20ರ ಬದಲು 22 ಅಂದ್ರೆ ಮೀಟರೂ ಸರಿ ಕೊಳವೆನೂ ಸರಿ, ಸ್ಪ್ರಾಕೆಟ್ ಲೆಕ್ಕ ಇಲ್ಲಾ ಚಕ್ರ ಜಾರೋದು ನೋಡ್ಬೇಕು.

ಇನ್ನೊಂದು ನನಗೆ ತುಂಬಾ ಇಷ್ಟವಾದ ಗುರುತು ಇದೆ. ಸ್ಕಿಪ್ ಬರ್ತಿದ್ರೆ ಒಂದು ಸ್ಕಿಪ್‌ನಿಂದ ಇನ್ನೊಂದಕ್ಕೆ ಎಷ್ಟು ದೂರ ಅಂತ ಅಳೀರಿ. ಮೀಟರೊಳಗೆ ಬೀಜ ಹಿಡಿದು ತಿರುಗೋ ಡಿಸ್ಕಲ್ಲಿ 26 ತೂತು ಇದ್ದು ಅಂತರ 20 ಸೆಂ.ಮೀ. ಆದ್ರೆ ಡಿಸ್ಕು ಒಂದು ಸುತ್ತು ಹಾಕೋಷ್ಟರಲ್ಲಿ ಪ್ಲಾಂಟರ್ 5.2 ಮೀಟರ್ ಮುಂದೆ ಹೋಗಿರತ್ತೆ. ಸ್ಕಿಪ್ಪು ಕರೆಕ್ಟಾಗಿ 5.2 ಮೀಟರಿಗೊಂದು ಬರ್ತಿದ್ರೆ ಒಂದೇ ಒಂದು ತೂತು ಕಟ್ಕೊಂಡಿದೆ ಅಂತ ಮನೇಲಿ ಕೂತೇ ಹೇಳ್ಬಹುದು. ಡಿಸ್ಕಿನ ಬದಲು ಸ್ಪ್ರಿಂಗ್ ಬೆರಳು ಬೀಜ ಹಿಡಿಯೋ, 12 ಬೆರಳಿನ ಫಿಂಗರ್ ಮೀಟರ್ ಆದ್ರೆ 2.4 ಮೀಟರಿಗೊಂದು, ಒಂದು ಬೆರಳಿನ ಸ್ಪ್ರಿಂಗ್ ಹೋಗಿದೆ ಅಂತ ಅರ್ಥ.

ಒಂದೇ ಸಾಲಲ್ಲಿ ತೊಂದ್ರೆ ಇದ್ರೆ ಆ ಸಾಲಿನ ಮೀಟರ್, ಕೊಳವೆ, ಚೈನ್ ಅಷ್ಟೇ ನೋಡಿ. ಎಲ್ಲಾ ಸಾಲಲ್ಲೂ ಇದ್ರೆ ಎಲ್ಲಕ್ಕೂ ಕಾಮನ್ ಆಗಿರೋದು ನೋಡಿ, ಅಂದ್ರೆ ಚಾಲಕ ಚಕ್ರ (ನೆಲದ ಮೇಲೆ ಉರುಳಿ ಮೀಟರ್ ತಿರುಗ್ಸೋದು), ಫ್ಯಾನ್, ಸ್ಪೀಡು, ಬಾರಿನ (ಎಲ್ಲಾ ಸಾಲಿನ ಭಾಗಗಳನ್ನ ಹಿಡಿದಿರೋ ಅಡ್ಡ ಕಂಬಿಯ) ಎತ್ತರ, ಬೀಜದ ಸೈಜು.

ಒಳ್ಳೇದು ಕೆಟ್ಟದ್ದು ಅಂತ ಅಳೆಯೋಕೆ 1984ರ ಐಎಸ್‌ಒ 7256 ಮಾನದಂಡದ ಲೆಕ್ಕ ಸುಲಭ ಇದೆ. ಗುರಿಯ ಅರ್ಧ ಇಲ್ಲಾ ಅದಕ್ಕಿಂತ ಕಡಿಮೆ ಬಂದಿದ್ದು ಡಬಲ್, ಒಂದೂವರೆ ಪಟ್ಟು ಮೀರಿದ್ದು ಸ್ಕಿಪ್, ನಡುವಿಂದು ಸರಿ. 20ಕ್ಕೆ ಅಂದ್ರೆ 10ರವರೆಗೆ ಡಬಲ್, 30 ಮೀರಿದ್ರೆ ಸ್ಕಿಪ್. ಒಂದೇ ಎಚ್ಚರ, ಈ ಲೆಕ್ಕ ಹಾಕಿದ್ರೆ ಮೇಲೆ ಹೇಳಿದ 8 ಮತ್ತು 32 ಒಂದು ಡಬಲ್ಲು ಒಂದು ಸ್ಕಿಪ್ಪು ಅಂತ ಬರತ್ತೆ, ಮೀಟರ್ ಮೇಲೆ ತಪ್ಪು ಹೊರಿಸಿದ ಹಾಗಾಗತ್ತೆ, ಅದಕ್ಕೇ ಪರ್ಸೆಂಟೇಜ್ ನೋಡೋ ಮುಂಚೆ ಪಕ್ಕಪಕ್ಕದ ಜೋಡಿ ಕೂಡಿ ನೋಡಿ ಅನ್ನೋದು ನಾನು.

ನಿಂತಲ್ಲೇ ಮಾಡೋ ಟೆಸ್ಟ್ ಮತ್ತು ಸ್ಪ್ರಾಕೆಟ್ ಲೆಕ್ಕ

ಮಿಷಿನ್ ಕೆಳಗೆ ಕೈ ಹಾಕೋ ಮುಂಚೆ ಇಂಜಿನ್ ಆಫ್, ಪಿಟಿಒ (ಟ್ರ್ಯಾಕ್ಟರಿಂದ ಮಿಷಿನ್ನಿಗೆ ಶಕ್ತಿ ಕೊಡೋ ತಿರುಗೋ ಶಾಫ್ಟ್) ಆಫ್, ಕೆಳಗೆ ಗಟ್ಟಿ ಸ್ಟ್ಯಾಂಡ್. ಬರೀ ಹೈಡ್ರಾಲಿಕ್ ನಂಬ್ಕೊಂಡು ಕೆಳಗೆ ಹೋಗ್ಬೇಡಿ. ಬೀಜಕ್ಕೆ ಔಷಧಿ ಲೇಪ ಇರೋದ್ರಿಂದ ಗ್ಲೌಸ್, ಮಾಸ್ಕ್ ಹಾಕ್ಕೊಳ್ಳಿ, ಆ ಪುಡಿ ಮೂಗಿಗೆ ಹೋಗೋದು ಒಳ್ಳೇದಲ್ಲ.

ಪ್ಲಾಂಟರ್ ಎತ್ತಿ ನಿಲ್ಸಿ ಪ್ರತಿ ಕೊಳವೆಗೆ ಒಂದೊಂದು ಚೀಲ ಕಟ್ಟಿ ಚಾಲಕ ಚಕ್ರನ ಕೈಯಲ್ಲಿ 20 ಸುತ್ತು ತಿರುಗ್ಸಿ, ಬಿದ್ದ ಬೀಜ ಎಣಿಸಿ. ವ್ಯಾಕ್ಯೂಮ್ ಮಿಷಿನ್ ಆದ್ರೆ ಫ್ಯಾನ್ ಓಡ್ತಿರ್ಬೇಕು, ಅದಕ್ಕೆ ಟ್ರ್ಯಾಕ್ಟರ್ ಹತ್ರ ಒಬ್ರು ನಿಂತಿರ್ಲಿ, ಚಕ್ರ ತಿರುಗ್ಸೋರು ಪಿಟಿಒ ಶಾಫ್ಟಿಂದ ದೂರ ಇರ್ಲಿ, ಫ್ಯಾನ್ ಓಡೋವಾಗ ಯಾರೂ ಕೆಳಗೆ ಹೋಗೋದು ಬೇಡ.

ಎಷ್ಟು ಬೀಳ್ಬೇಕು ಅನ್ನೋ ಲೆಕ್ಕ ಹೀಗೆ. ಚಕ್ರದ ಸುತ್ತಳತೆ 2 ಮೀಟರ್ ಅಂದ್ಕೊಳ್ಳಿ, ಗುರಿ 20 ಸೆಂ.ಮೀ., ಹಾಗಾದ್ರೆ ಚಕ್ರದ ಒಂದು ಸುತ್ತಿಗೆ 10 ಬೀಜ, 20 ಸುತ್ತಿಗೆ 200. ಡಿಸ್ಕಲ್ಲಿ 26 ತೂತಿದ್ರೆ ಚಕ್ರ ಒಂದು ಸುತ್ತು ಬಂದಾಗ ಡಿಸ್ಕ್ 10 ಭಾಗಿಸು 26, ಅಂದ್ರೆ 0.385 ಸುತ್ತು ಬರ್ಬೇಕು. ಓಡಿಸೋ ಸ್ಪ್ರಾಕೆಟ್ಟಿನ ಹಲ್ಲನ್ನ ಓಡೋ ಸ್ಪ್ರಾಕೆಟ್ಟಿನ ಹಲ್ಲಿಂದ ಭಾಗಿಸಿ, ಎರಡು ಮೂರು ಜೋಡಿ ಇದ್ರೆ ಎಲ್ಲಾ ಗುಣಿಸಿ, ಈ ನಂಬರಿನ ಹತ್ರ ಬರ್ಬೇಕು. 15 ಹಲ್ಲಿಂದು 39 ಹಲ್ಲಿಂದನ್ನ ಓಡಿಸಿದ್ರೆ ಕರೆಕ್ಟಾಗಿ ಅದೇ ಬರತ್ತೆ.

ಒಂದು ಸಾಲಲ್ಲಿ 200, ಪಕ್ಕದ್ರಲ್ಲಿ 184 ಬಂದ್ರೆ ಆ ಎರಡನೇ ಮೀಟರ್ ಬಿಚ್ಚಿ. ಆ ಮೀಟರನ್ನ ಬೇರೆ ಸಾಲಿಗೆ ಹಾಕಿ ನೋಡೋದು ಇನ್ನೂ ಒಳ್ಳೇದು, ತೊಂದ್ರೆ ಮೀಟರ್ ಜೊತೆ ಹೋದ್ರೆ ಮೀಟರಿಂದು, ಹೋಗ್ದೆ ಅಲ್ಲೇ ಉಳಿದ್ರೆ ಚೈನಿಂದೋ ಗಾಳಿ ಪೈಪಿಂದೋ.

ಮೀಟರ್

ವ್ಯಾಕ್ಯೂಮ್ ಮೀಟರಲ್ಲಿ ಗಾಳಿ ಎಳೆತ ಕಡಿಮೆ ಆದ್ರೆ ಸ್ಕಿಪ್, ಜಾಸ್ತಿ ಆದ್ರೆ ಡಬಲ್, ಇಷ್ಟು ಎಲ್ರಿಗೂ ಗೊತ್ತು. ಗೊತ್ತಿಲ್ದೇ ಇರೋದು ಏನಂದ್ರೆ ಗೇಜಲ್ಲಿ ತೋರಿಸೋದು ಗೇಜ್ ಇರೋ ಜಾಗದ ಎಳೆತ, ಕೊನೇ ಸಾಲಿನ ಡಿಸ್ಕ್ ಹತ್ರ ಎಷ್ಟಿದೆ ಅಂತಲ್ಲ. ಪೈಪಲ್ಲಿ ಸೀಳು, ಸಡಿಲವಾದ ಕ್ಲಾಂಪು, ಇಲಿ ಕಡಿದ ತೂತು, ಸವೆದ ಸೀಲು ಎಲ್ಲಾ ಗೇಜಿಗೆ ಗೊತ್ತಾಗ್ದೇನೇ ಎಳೆತ ಕದೀತವೆ. ಫ್ಯಾನು 540 ಆರ್‌ಪಿಎಂ ಪಿಟಿಒಯಿಂದ ಓಡ್ತಿದ್ರೆ ಏರು ಹತ್ತೋವಾಗ, ಹೊಲದ ತುದೀಲಿ ತಿರುಗ್ಸೋವಾಗ ಇಂಜಿನ್ ಆರ್‌ಪಿಎಂ ಬಿದ್ದು ಎಳೆತಾನೂ ಬೀಳತ್ತೆ, ಸ್ಕಿಪ್ಪೆಲ್ಲಾ ಹೊಲದ ತುದೀಲೇ ಇದ್ರೆ ಮೊದ್ಲು ಇದನ್ನೇ ಅನುಮಾನಪಡಿ. ಬೆಲ್ಟ್ ಜಾರೋದೂ ಅದೇ ಥರ.

ಎಳೆತ ಸರಿ ಇದ್ಮೇಲೆ ಸಿಂಗ್ಯುಲೇಟರ್, ಅಂದ್ರೆ ತೂತಿಗೆ ಅಂಟಿದ ಎರಡನೇ ಬೀಜನ ತಳ್ಳಿ ಬೀಳ್ಸೋ ಹಲ್ಲು. ಮೀಟರಿನ ಕಿಟಕಿ ತೆಗೆದು ಫ್ಯಾನ್ ಓಡ್ತಿರೋವಾಗ ಡಿಸ್ಕನ್ನ ನಿಧಾನಕ್ಕೆ ತಿರುಗ್ಸಿ ಸಿಂಗ್ಯುಲೇಟರ್ ದಾಟಿ ಬಂದ ತೂತುಗಳನ್ನ ನೋಡಿ. ಎರಡೆರಡು ಕೂತಿದ್ರೆ ಸ್ವಲ್ಪ ಬಿಗಿ ಮಾಡಿ, ಒಂದಿದ್ದಿದ್ದೂ ಉದುರ್ತಿದ್ರೆ ಸಡಿಲ ಮಾಡಿ. ಎಳೆತನ ಮತ್ತು ಸಿಂಗ್ಯುಲೇಟರನ್ನ ಒಟ್ಟಿಗೆ ತಿರುಗಿಸ್ಬೇಡಿ, ಯಾವುದರಿಂದ ಏನಾಯ್ತು ಅಂತ ದೇವರಿಗೂ ಗೊತ್ತಾಗಲ್ಲ. ಬೀಜನ ಡಬ್ಬಿ ಕಡೆ ತಡೆಯೋ ಬ್ರಷ್ ಸವೆದಿದ್ರೆ ಎಣಿಕೆ ಇಲ್ದೇನೇ ಬೀಜ ಸೋರಿ ಕೊಳವೆಗೆ ಬೀಳತ್ತೆ, ಇದೂ ಡಬಲ್ ಥರನೇ ಕಾಣ್ಸತ್ತೆ ಆದ್ರೆ ಎಳೆತ ಎಷ್ಟು ಕಮ್ಮಿ ಮಾಡಿದ್ರೂ ಹೋಗಲ್ಲ.

ಡಿಸ್ಕಿನ ತೂತು ಬೀಜಕ್ಕೆ ತಕ್ಕ ಹಾಗಿರ್ಬೇಕು. ಬೀಜದ ಲಾಟ್ ಬದಲಾದ್ರೆ ಸೈಜು ಆಕಾರ ಎರಡೂ ಬದಲಾಗತ್ತೆ, ಮೆಕ್ಕೆಜೋಳದಲ್ಲಂತೂ ಚಪ್ಪಟೆ ಬೀಜ ದುಂಡು ಬೀಜ ಬೇರೆ ಬೇರೆ ಚೀಲದಲ್ಲಿ ಬರತ್ತೆ, ಬೆಳಿಗ್ಗೆ ಚೆನ್ನಾಗಿ ಬಿತ್ತಿದ ಮಿಷಿನ್ನು ಮಧ್ಯಾಹ್ನ ಯಾಕೆ ಕೆಟ್ಟಿತು ಅಂದ್ರೆ ಹೆಚ್ಚಾಗಿ ಚೀಲ ಬದಲಾಗಿರತ್ತೆ ಅಷ್ಟೇ.

ಫಿಂಗರ್ ಮೀಟರಲ್ಲಿ ಗಾಳಿ ಇಲ್ಲ, ಸ್ಪ್ರಿಂಗ್ ಇರೋ ಬೆರಳು ಬೀಜ ಹಿಡ್ಕೊಂಡು ಬರತ್ತೆ, ದಾರೀಲಿ ಉಬ್ಬುಗಳ ಮೇಲೆ ಹಾದಾಗ ಜಾಸ್ತಿ ಬೀಜ ಉದುರಿ ಒಂದು ಉಳ್ಕೊಳ್ಳತ್ತೆ. ಆ ಉಬ್ಬು ಸವೆದು ನಯ ಆಗಿದ್ರೆ ಡಬಲ್ ಜಾಸ್ತಿ, ಸ್ಪ್ರಿಂಗ್ ದಣಿದಿದ್ರೆ ಸ್ಕಿಪ್. ಹಿಂದಿನ ಪುಟ್ಟ ಬೆಲ್ಟು ಬಿರುಕು ಬಿಟ್ಟಿದ್ರೆ ಅದನ್ನೂ ಬದಲಾಯ್ಸಿ. ಇಳಿಜಾರು ಪ್ಲೇಟಿನ ಮಿಷಿನ್ನಲ್ಲಿ ಪ್ಲೇಟಿನ ಗುಳಿ ಬೀಜದ ಉದ್ದಕ್ಕಿಂತ ಸುಮಾರು 10 ಪರ್ಸೆಂಟ್ ದೊಡ್ಡದಿದ್ರೆ ಸಾಕು, ಅದಕ್ಕಿಂತ ದೊಡ್ಡದಾದ್ರೆ ಎರಡು ಕೂರತ್ತೆ, ಬಿಗಿಯಾದ್ರೆ ಸಿಕ್ಕಾಕ್ಕೊಂಡು ಒಡೆಯತ್ತೆ. ಬೀಜ ಒಡೆದಿರೋ ಚೂರು ಸಿಕ್ರೆ ಇದೇ ಕಾರಣ.

ಯಾವ ಥರ ಮೀಟರ್ ಆದ್ರೂ ಡಿಸ್ಕ್ ಜೋರಾಗಿ ತಿರುಗಿದಷ್ಟೂ ತೂತು ತುಂಬೋಕೆ ಟೈಮ್ ಸಿಗಲ್ಲ. ಹತ್ತಿರ ಹತ್ತಿರ ಬಿತ್ತೋದಿದ್ರೆ ಸ್ಪ್ರಾಕೆಟ್ ಬದಲಾಯ್ಸಿ ಜೋರಾಗಿ ತಿರುಗಿಸೋ ಬದಲು ಜಾಸ್ತಿ ತೂತಿನ ಡಿಸ್ಕ್ ಹಾಕಿ ನಿಧಾನಕ್ಕೆ ತಿರುಗಿಸೋದೇ ಸರಿ.

ಗ್ರಾಫೈಟ್, ಟಾಲ್ಕ್ ಪುಡಿ ಮರೀಬೇಡಿ. ಲೇಪ ಜಾಸ್ತಿ ಇರೋ ಬೀಜ ತೇವದ ಹವೆಯಲ್ಲಿ ಒಂದಕ್ಕೊಂದು ಅಂಟತ್ತೆ, ಡಬ್ಬೀಲಿ ಸೇತುವೆ ಕಟ್ಟಿ ಕೆಳಗೆ ಇಳಿಯಲ್ಲ. ಫಿಂಗರ್ ಮೀಟರಿಗೆ ಗ್ರಾಫೈಟ್, ವ್ಯಾಕ್ಯೂಮಿಗೆ ಮ್ಯಾನುಯಲ್‌ನಲ್ಲಿ ಹೇಳಿರೋ ಪುಡಿ. ಮೇಲೆ ಉದುರಿಸಿ ಬಿಟ್ರೆ ಕೆಳಗಿನ ಬೀಜಕ್ಕೆ ಹೋಗಲ್ಲ, ಕಲಸ್ಬೇಕು.

ಚೈನ್, ಶಾಫ್ಟ್, ಚಕ್ರ

ಚಕ್ರನ ಕೈಯಲ್ಲಿ ತುಂಬಾ ನಿಧಾನಕ್ಕೆ ತಿರುಗ್ಸಿ ಡಿಸ್ಕ್ ಕಡೆ ಕಣ್ಣಿಡಿ. ನಿಂತು ನಿಂತು ಜಗ್ಗಿದ ಹಾಗೆ ತಿರುಗ್ತಿದ್ರೆ ಚೈನಲ್ಲಿ ಒಂದು ಕೊಂಡಿ ಬಿಗಿಯಾಗಿದೆ, ಇಲ್ಲಾ ಬೇರಿಂಗ್ ಹಿಡ್ಕೊಂಡಿದೆ. ಹೊಲದಲ್ಲಿ ಇದು ಹತ್ರ ಹತ್ರ ನಾಲ್ಕು, ದೂರ ದೂರ ನಾಲ್ಕು ಅಂತ ಅಲೆ ಥರ ಕಾಣ್ಸತ್ತೆ. ತುಕ್ಕು ಹಿಡಿದ ಚೈನಿಗೆ ಎಣ್ಣೆ ಹಾಕಿ ಒಂದು ದಿನ ತಳ್ಳಬಹುದು, ಆದ್ರೆ ಬದಲಾಯ್ಸೋದೇ ವಾಸಿ.

ಟೈರ್ ಗಾಳಿ ಎಲ್ರೂ ಮರೆಯೋದು. ಗಾಳಿ ಕಮ್ಮಿ ಇದ್ರೆ ಚಕ್ರ ಕುಗ್ಗಿ ಚಿಕ್ಕದಾಗತ್ತೆ, ಅದೇ ದೂರಕ್ಕೆ ಜಾಸ್ತಿ ಸುತ್ತು ಬರತ್ತೆ, ಬೀಜ ಹತ್ತಿರ ಬೀಳತ್ತೆ. ಜಾರಿದ್ರೆ ಉಲ್ಟಾ, ದೂರ ಬೀಳತ್ತೆ. ಟೈರಿಗೆ ಸೀಮೆಸುಣ್ಣದಿಂದ ಗುರುತು ಮಾಡಿ, ಡಬ್ಬಿ ಅರ್ಧ ತುಂಬಿ, ಪ್ಲಾಂಟರ್ ಇಳಿಸಿ ಅದೇ ಹೊಲದಲ್ಲಿ 20 ಸುತ್ತು ಓಡಿಸಿ ಅಳೀರಿ. 40 ಮೀಟರ್ ಬರ್ಬೇಕಿದ್ದು 42 ಬಂದ್ರೆ ನಿಮ್ಮ 20 ಸೆಂ.ಮೀ. 21 ಆಗಿದೆ. ಗಟ್ಟಿ ರಸ್ತೆ ಮೇಲೆ ಅಳೆದ ನಂಬರ್ ಸಡಿಲ ಮಣ್ಣಿಗೆ ಬರಲ್ಲ. ಎಲೆಕ್ಟ್ರಿಕ್ ಡ್ರೈವ್ ಇರೋರಿಗೆ ಚೈನಿನ ತಲೆನೋವಿಲ್ಲ, ಆದ್ರೆ ಸ್ಪೀಡ್ ಸೆನ್ಸರ್ ಕ್ಯಾಲಿಬ್ರೇಶನ್ ತಪ್ಪಿದ್ರೆ ಇದೇ ಕಥೆ.

ಕೊಳವೆ ಮತ್ತು ಸ್ಪೀಡು

8 ಮತ್ತು 32ರ ತೊಂದ್ರೆ ಇರೋರು ಇಲ್ಲಿ ನಿಧಾನಕ್ಕೆ ಓದಿ.

ಕೊಳವೆ ತೆಗೆದು ಬೆಳಕಿಗೆ ಹಿಡಿದು ಒಳಗೆ ನೋಡಿ. ಜೇಡರ ಬಲೆ, ಕಣಜದ ಮಣ್ಣಿನ ಗೂಡು, ಔಷಧಿ ಲೇಪದ ಜಿಡ್ಡು, ಸೆನ್ಸರ್ ಮೇಲೆ ಕೂತ ಪುಡಿ, ಇವೆಲ್ಲಾ ಸಿಗತ್ತೆ, ಉದ್ದ ಬ್ರಷ್ ಹಾಕಿ ಉಜ್ಜಿ. ಆಮೇಲೆ ಕೆಳಗಿನ ತುದಿ ಬೆರಳಲ್ಲಿ ಸವರಿ. ಡಿಸ್ಕ್ ಓಪನರ್‌ಗಳ (ಮಣ್ಣು ಸೀಳಿ ಬೀಜಕ್ಕೆ ಗೆರೆ ಮಾಡೋ ಎರಡು ಬಿಲ್ಲೆಗಳ) ನಡುವೆ ಇರೋ ಗಾರ್ಡ್ ಸವೆದ್ರೆ ಡಿಸ್ಕುಗಳು ಕೊಳವೆಗೇ ಉಜ್ಜತ್ತೆ, ತುದಿ ಕಿರಿದಾಗಿ ಎಳೆ ಎದ್ದಿರತ್ತೆ, ಬೀಜ ಅದಕ್ಕೆ ತಾಗಿ ಚಿಮ್ಮತ್ತೆ. ಅಂಥ ಕೊಳವೆ ಬದಲಾಯ್ಸಿ, ಗಾರ್ಡನ್ನೂ ಜೊತೆಗೇ ಬದಲಾಯ್ಸಿ, ಇಲ್ದಿದ್ರೆ ಹೊಸ ಕೊಳವೆಗೂ ಅದೇ ಗತಿ.

ಈಗ ಸ್ಪೀಡು ಯಾಕೆ ಅಷ್ಟು ಮುಖ್ಯ ಅಂತ. ಮೀಟರಿಂದ ಮಣ್ಣಿಗೆ 45 ಸೆಂ.ಮೀ. ಇದ್ರೆ ಅಡ್ಡಿ ಇಲ್ದೆ ಬೀಳೋ ಬೀಜಕ್ಕೆ 0.3 ಸೆಕೆಂಡ್ ಬೇಕು. ಕೊಳವೆ ಗೋಡೆಗೆ ಒಂದ್ಸಲ ತಾಗಿ 0.02 ಸೆಕೆಂಡ್ ತಡವಾಯ್ತು ಅಂದ್ಕೊಳ್ಳಿ. ಗಂಟೆಗೆ 5 ಕಿ.ಮೀ. ಹೋಗ್ತಿದ್ರೆ ಅಷ್ಟರಲ್ಲಿ ಪ್ಲಾಂಟರ್ 2.8 ಸೆಂ.ಮೀ. ಮುಂದೆ ಹೋಗಿರತ್ತೆ, 8 ಕಿ.ಮೀ.ಯಲ್ಲಿ 4.4, 10 ಕಿ.ಮೀ.ಯಲ್ಲಿ 5.6. ತಡ ಅಷ್ಟೇ, 5ರಿಂದ 10ಕ್ಕೆ ಹೋದ್ರೆ ತಪ್ಪು ಮಾತ್ರ ಎರಡರಷ್ಟು. ಇದರ ಮೇಲೆ 5 ಕಿ.ಮೀ.ಯಲ್ಲಿ ಮೀಟರ್ ಸೆಕೆಂಡಿಗೆ 7 ಬೀಜ ಕೊಡ್ತಿದ್ರೆ 10 ಕಿ.ಮೀ.ಯಲ್ಲಿ 14 ಕೊಡ್ಬೇಕು. ಸ್ಪೀಡು ಜಾಸ್ತಿ ಆದ್ರೆ ಯೂನಿಟ್, ಅಂದ್ರೆ ಒಂದೊಂದು ಸಾಲು ಬಿತ್ತೋ ಭಾಗ, ಕುಣಿಯತ್ತೆ, ಬೀಜ ಗೆರೆಯೊಳಗೆ ಬಿದ್ಮೇಲೂ ಮುಂದಕ್ಕೆ ಉರುಳತ್ತೆ. ಕೊಳವೆ ಹಿಂದಕ್ಕೆ ಬಾಗಿರೋದು ಈ ಉರುಳಾಟ ಕಡಿಮೆ ಮಾಡೋಕೇ. ಬೀಜನ ಬೆಲ್ಟಲ್ಲೋ ಬ್ರಷಲ್ಲೋ ಹಿಡ್ಕೊಂಡು ಮಣ್ಣಿನವರೆಗೂ ಬಿಡೋ ಹೈ ಸ್ಪೀಡ್ ಪ್ಲಾಂಟರ್ ಬೇರೆ ಮಾತು, ಮಾಮೂಲಿ ಕೊಳವೆ ಇದ್ರೆ 6ರಿಂದ 8ರೊಳಗೆ ಇರಿ, ಉಬ್ಬುತಗ್ಗಿನ ಹೊಲದಲ್ಲಿ ಇನ್ನೂ ಕಮ್ಮಿ.

ಅನುಮಾನ ಇದ್ರೆ ಒಂದೇ ಹೊಲದಲ್ಲಿ ಒಂದು ಗೆರೆ 5ರಲ್ಲಿ, ಪಕ್ಕದ್ದು 8ರಲ್ಲಿ ಬಿತ್ತಿ, ಬೇರೆ ಏನೂ ಮುಟ್ಟದೆ ಅಳೀರಿ.

ಯೂನಿಟ್ ಕುಣಿಯೋದು, ಬಾರ್ ಲೆವೆಲ್

ಪ್ಲಾಂಟರ್ ಇಳಿಸಿ ಬಿತ್ತೋ ಸ್ಥಿತೀಲಿ ನಿಲ್ಸಿ ಪಕ್ಕದಿಂದ ನೋಡಿ. ಯೂನಿಟನ್ನ ಬಾರಿಗೆ ಹಿಡಿದಿರೋ ಸಮಾನಾಂತರ ತೋಳುಗಳು ಹೆಚ್ಚುಕಮ್ಮಿ ನೆಲಕ್ಕೆ ಸಮ ಇರ್ಬೇಕು, ಎಷ್ಟೋ ಮಿಷಿನ್ನುಗಳಲ್ಲಿ ಆಗ ಬಾರ್ ನೆಲದಿಂದ 50ರಿಂದ 55 ಸೆಂ.ಮೀ. ಎತ್ತರದಲ್ಲಿರತ್ತೆ. ಮೂತಿ ಕೆಳಗೆ ಬಗ್ಗಿದ್ರೆ ಕೊಳವೆಯ ಕೋನ ಕೆಟ್ಟು ಹಿಂದಿನ ಮುಚ್ಚೋ ಚಕ್ರ ಮೇಲಕ್ಕೇಳತ್ತೆ. ತ್ರೀ ಪಾಯಿಂಟ್ ಮಿಷಿನ್ನಿಗೆ (ಟ್ರ್ಯಾಕ್ಟರ್ ಹಿಂದೆ ಮೂರು ಕಡೆ ಕೂಡಿಸೋದು) ಮೇಲಿನ ಕೊಂಡಿ, ಅಂದ್ರೆ ಟಾಪ್ ಲಿಂಕ್, ಎರಡು ಸುತ್ತು ತಿರುಗಿಸಿದ್ರೆ ಸರಿಹೋಗೋ ವಿಷ್ಯ ಇದು, ಜನ ಮಾತ್ರ ಮೀಟರ್ ಬಿಚ್ಚಿ ಕೂತಿರ್ತಾರೆ.

ಮುಚ್ಚೋ ಚಕ್ರದ ಹತ್ರ ಯೂನಿಟ್ ಹಿಡಿದು ಅಡ್ಡಡ್ಡ, ಮೇಲೆ ಕೆಳಗೆ ಅಲ್ಲಾಡ್ಸಿ, ಕಟಕಟ ಅಂದ್ರೆ ತೋಳಿನ ಬುಶ್ ಹೋಗಿದೆ.

ಯೂನಿಟನ್ನ ಮಣ್ಣಿಗೆ ಒತ್ತೋ ಕೆಳಒತ್ತಡ ನೋಡೋಕೆ, ಸ್ವಲ್ಪ ದೂರ ಬಿತ್ತಿ ನಿಲ್ಸಿ, ಇಂಜಿನ್ ಆಫ್ ಮಾಡಿ, ಆಳ ಹಿಡಿಯೋ ಚಕ್ರನ ಕೈಯಲ್ಲಿ ತಿರುಗ್ಸಿ. ಒಂಚೂರು ಬಿಗಿಯಾಗಿ ತಿರುಗ್ಬೇಕು. ಸರಾಗ ತಿರುಗಿದ್ರೆ ಒತ್ತಡ ಸಾಲ್ದು, ಯೂನಿಟ್ ಕುಣಿದು ಅಂತರವೂ ಆಳವೂ ಕೆಡತ್ತೆ, ಸ್ಪ್ರಿಂಗ್ ಒಂದು ಹಂತ ಜಾಸ್ತಿ ಮಾಡಿ. ಅಲ್ಲಾಡ್ಲೇ ಇಲ್ಲ ಅಂದ್ರೆ ಜಾಸ್ತಿ ಆಗಿದೆ, ಗೆರೆಯ ಗೋಡೆ ಗಟ್ಟಿಯಾಗಿ ಬೇರು ಒದ್ದಾಡತ್ತೆ.

ಓಪನರ್ ಡಿಸ್ಕ್ ಹೊಸದ್ರಲ್ಲಿ ಸಾಮಾನ್ಯವಾಗಿ 15 ಇಂಚು, ಅರ್ಧ ಇಂಚು ಸವೆದ್ರೆ ಬದಲಾಯ್ಸೋ ಟೈಮ್. ಎರಡೂ ಡಿಸ್ಕ್ ಕೂಡೋ ಕಡೆ ಮುಂದಿಂದ ಒಂದು ದಪ್ಪ ಕಾರ್ಡು, ಹಿಂದಿಂದ ಒಂದು ತೂರ್ಸಿ, ಎರಡೂ ನಿಂತ ಜಾಗದ ನಡುವೆ ಸುಮಾರು 5 ಸೆಂ.ಮೀ. ಇರ್ಬೇಕು. ತೀರಾ ಕಮ್ಮಿ ಇದ್ರೆ ಗೆರೆ ಇಂಗ್ಲಿಷ್ ವಿ ಆಕಾರದ ಬದಲು ಡಬ್ಲ್ಯೂ ಥರ ಬಂದು ಬೀಜ ಆ ಕಡೆ ಈ ಕಡೆ ಕೂರತ್ತೆ. ಶಿಮ್ (ನಡುವೆ ಹಾಕಿರೋ ತೆಳು ವಾಷರ್) ತೆಗೆದು ಹತ್ತಿರ ತರಬಹುದು, ಡಿಸ್ಕ್ ಸವೆದಿದ್ರೆ ಅದೂ ಎಷ್ಟು ದಿನ.

ಮತ್ತೆ ಹೊಲಕ್ಕೆ

ಒಂದ್ಸಲಕ್ಕೆ ಒಂದೇ ಬದಲಾವಣೆ. ಮುಚ್ಚೋ ಚಕ್ರಗಳನ್ನ ಮೇಲೆ ಕಟ್ಟಿ, ಬಿತ್ತೋ ಸ್ಪೀಡಲ್ಲೇ ಒಂದು 15 ಮೀಟರ್ ಓಡಿಸಿ, ಗೆರೆ ತೆರೆದೇ ಇರೋದ್ರಿಂದ ಬೀಜ ಹಾಗೇ ಕಾಣ್ಸತ್ತೆ, ಮೊಳಕೆ ಬರೋವರೆಗೂ ಕಾಯೋದು ಬೇಡ. ಮುಚ್ಚೋ ಚಕ್ರ ಎತ್ತಿದಾಗ ಯೂನಿಟ್ ಸ್ವಲ್ಪ ಜಾಸ್ತಿ ಕುಣಿಯಬಹುದು, ಅದಕ್ಕೆ ಒಂದು ಸಾಲು ಚಕ್ರ ಇಳಿಸಿಯೂ ಓಡಿಸಿ, ಮೆಲ್ಲಗೆ ಮಣ್ಣು ಸರಿಸಿ ತಾಳೆ ನೋಡಿ. ಬೀಜ ಕೆದಕೋವಾಗ ಚಾಕುನ ಸಾಲಿಗೆ ಅಡ್ಡ ಎಳೆಯಿರಿ, ಉದ್ದಕ್ಕೆ ಎಳೆದ್ರೆ ಬೀಜ ಸರಿದು ನೀವೇ ಅಂತರ ಕೆಡಿಸಿ ನೀವೇ ಅಳೀತೀರ.

ಸರಿ ಬಂದ ಸೆಟ್ಟಿಂಗ್‌ನ, ಎಳೆತ ಎಷ್ಟು, ಯಾವ ಡಿಸ್ಕು, ಯಾವ ಸ್ಪ್ರಾಕೆಟ್ಟು, ಟೈರ್ ಗಾಳಿ, ಸ್ಪೀಡು, ಬೀಜದ ಲಾಟು, ಎಲ್ಲಾನೂ ಡಬ್ಬಿಯ ಮುಚ್ಚಳದ ಒಳಗೆ ಮಾರ್ಕರಲ್ಲಿ ಬರೀರಿ. ನೋಟ್‌ಬುಕ್ ಕಳೆದೋಗತ್ತೆ, ಮುಚ್ಚಳ ಕಳೆಯಲ್ಲ. ಮುಂದಿನ ಚೀಲ ಸುರಿಯೋವಾಗ ಲಾಟ್ ನಂಬರ್ ಬೇರೆ ಇದ್ರೆ ಇನ್ನೊಂದು 15 ಮೀಟರ್ ತೆರೆದ ಗೆರೆ ಓಡಿಸಿ ನೋಡಿ, ಹತ್ತು ನಿಮಿಷದ ಕೆಲಸ.